ಲೈಬ್ರರಿಗೊಂದು ‘ಓ’ ಇರಲಿ

ಮಾನ್ಯ ಸಂಪಾದಕರೇ,

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಪ್ರತಿ ವರ್ಷದಂತೆ ಈ ಸಲವೂ ಊರೂರಿನ ಲೈಬ್ರರಿಗಳ ಮುಂದೆ ಬ್ಯಾನರ್ ಕಟ್ಟುತ್ತಾರೆ. ಅವು ಪ್ರಿಂಟಿಗೆ ಹೋಗುವ ಮೊದಲೇ ಈ ಪತ್ರ ಸಂಬಂಧಪಟ್ಟವರ ಕಣ್ಣಿಗೆ ಬೀಳಲಿ ಅಂತ ಈಗಲೇ ಬರೆಯುತ್ತಿದ್ದೇನೆ.

ನಾನು ಬೋರ್ಡ್ ಬರೆಯುವವನು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ 34 ವರ್ಷದಿಂದ ಇದೇ ಕೆಲಸ. ಕಿರಾಣಿ ಅಂಗಡಿ, ಕ್ಲಿನಿಕ್, ಶಾಲೆ, ಲಾರಿಯ ಹಿಂದಿನ ಹಲಗೆ, ಗೊಬ್ಬರದ ಗೋಡೆ ಜಾಹೀರಾತು, ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ನಿಜ. ಆದರೆ ಇವತ್ತು ನಾನು ಹೇಳಬೇಕಾದದ್ದು ಲೈಬ್ರರಿಯ ವಿಷಯ.

ನನಗೆ ಅಕ್ಷರ ಬರೆಯಲು ಕಲಿಸಿದ್ದೇ ಲೈಬ್ರರಿ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಸಂಜೆ ಹೊತ್ತು ಲೈಬ್ರರಿಗೆ ಹೋಗಿ ವಾರಪತ್ರಿಕೆ ಬಿಡಿಸಿಕೊಂಡು ಕೂರುತ್ತಿದ್ದೆ. ಆಗ ಕಥೆಗಳ ಹೆಸರನ್ನು ಕಲಾವಿದರು ಕೈಯಲ್ಲೇ ಬರೆಯುತ್ತಿದ್ದರು. ದೆವ್ವದ ಕಥೆಗೆ ಒಂದು ಥರದ ಅಕ್ಷರ, ಮದುವೆಯ ಕಥೆಗೆ ಇನ್ನೊಂದು ಥರ. ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೋಡಿ ನೋಡಿ ಬರೆಯುತ್ತಿದ್ದೆ. ಲೈಬ್ರೇರಿಯನ್ ಒಂದು ದಿನ ಹಿಂದೆ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ. “ಪೆನ್ಸಿಲ್ಲಲ್ಲಿ ಬರ್ಕೊ ಮಗ, ಪೆನ್ನಿನ ಇಂಕು ಪತ್ರಿಕೆಗೆ ಹತ್ತುತ್ತೆ” ಅಂದರು, ಅಷ್ಟೇ. ನನಗೆ ಇನ್ಯಾವ ಗುರುವೂ ಇರಲಿಲ್ಲ.

ಅದೇ ಲೈಬ್ರರಿಗೆ ಎರಡು ವರ್ಷದ ಹಿಂದೆ ಹೊಸ ಬೋರ್ಡ್ ಬಂತು. ಹತ್ತು ಅಡಿ ಅಗಲದ ಫ್ಲೆಕ್ಸ್. ಎಡಗಡೆ ಮೂರು ಫೋಟೋ, ಬಲಗಡೆ ಮೂರು ಫೋಟೋ. ಮೇಲೆ ಸಾಲಾಗಿ ಲಾಂಛನಗಳು. ನಡುವೆ ಮಳೆಬಿಲ್ಲಿನ ಹಾಗೆ ಬಣ್ಣ ಬದಲಾಗುವ ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ, ಅಕ್ಷರಕ್ಕೆ ಕೆಂಪು ಅಂಚು, ಅಂಚಿಗೆ ಕಪ್ಪು ನೆರಳು. ಇಷ್ಟೆಲ್ಲ ಇದ್ದೂ ಲೈಬ್ರರಿಯ ಹೆಸರೇ ಸರಿಯಾಗಿರಲಿಲ್ಲ. ‘ಸಾರ್ವಜನಿಕ ಗ್ರಂಥಾಲಯ’ ಅನ್ನುವುದು ‘ಸಾರ್‌ವಜನಿಕ ಗ್‌ರಂಥಾಲಯ’ ಆಗಿತ್ತು. ಒತ್ತಕ್ಷರವೂ ಒಡೆದಿತ್ತು, ಅರ್ಕಾವೊತ್ತೂ ಒಡೆದಿತ್ತು.

ಇದು ಹೇಗಾಗುತ್ತದೆ ಅಂತ ನನಗೆ ಗೊತ್ತು. ಯಾರೋ ಮೊಬೈಲಿನಲ್ಲಿ ಸರಿಯಾಗಿಯೇ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿರುತ್ತಾರೆ. ಅದನ್ನು ಹಾಗೇ ತಂದು ಡಿಸೈನ್ ಸಾಫ್ಟ್‌ವೇರಿಗೆ ಹಾಕುತ್ತಾರೆ. ಆ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಆಗಿಲ್ಲದಿದ್ದರೆ ಅದಕ್ಕೆ ಒತ್ತು ಕೂಡಿಸಲು ಬರುವುದಿಲ್ಲ. ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ನಿಲ್ಲಿಸಿಬಿಡುತ್ತದೆ. ಒಂದು ಸಲ ಓದಿ ನೋಡಿದ್ದರೂ ಸಿಕ್ಕಿಬೀಳುತ್ತಿತ್ತು. ಯಾರೂ ಓದಿರಲಿಲ್ಲ. ಬೋರ್ಡ್ ಮಾಡಿಸಿದ ಕಚೇರಿಯವರನ್ನು ಕೇಳಿದೆ. “ಅರ್ಥ ಆಗುತ್ತಲ್ಲ, ಬಿಡಿ” ಅಂದರು. ನನಗೆ ತುಂಬಾ ನೋವಾಯಿತು. ಊರಿನ ಮಕ್ಕಳು ಕನ್ನಡ ಓದಲು ಬರುವ ಜಾಗದ ಬಾಗಿಲಲ್ಲೇ ಕನ್ನಡ ಮುರಿದು ಬಿದ್ದಿದೆ.

ಅದಕ್ಕಿಂತ ನೋವಾದದ್ದು ಇನ್ನೊಂದಿದೆ. ಒಂದು ಸಂಜೆ ಲೈಬ್ರರಿಯ ಗೇಟಿನ ಹತ್ತಿರ ಒಬ್ಬರು ಹೆಣ್ಣುಮಗಳು ನಿಂತಿದ್ದರು. ಕೈಯಲ್ಲಿ ಏಳೆಂಟು ವರ್ಷದ ಮಗು. ನಾನು ಒಳಗೆ ಹೋಗುವುದನ್ನು ನೋಡಿ ಕೇಳಿದರು: “ಅಣ್ಣ, ಇದು ಯಾವ ಆಫೀಸು? ಮಕ್ಕಳನ್ನ ಒಳಗೆ ಬಿಡ್ತಾರಾ?” ಆ ಫೋಟೋಗಳನ್ನು ನೋಡಿ ಇದು ಯಾವುದೋ ಸರ್ಕಾರಿ ಕಚೇರಿ ಅಂದುಕೊಂಡಿದ್ದರು. ಲೈಬ್ರರಿ ಅಂದೆ. “ದುಡ್ಡು ಎಷ್ಟು?” ಅಂದರು. ಕೂತು ಓದಲು ದುಡ್ಡಿಲ್ಲ ಅಂದಾಗ ಅವರ ಮುಖ ನೋಡಬೇಕಿತ್ತು. ಆ ಹತ್ತು ಅಡಿಯಲ್ಲಿ ಎಲ್ಲೂ ಈ ಮಾತು ಇರಲಿಲ್ಲ. ಎಷ್ಟು ಹೊತ್ತಿಗೆ ತೆರೆಯುತ್ತಾರೆ ಅಂತ ಇರಲಿಲ್ಲ. ನಮ್ಮ ಶಾಖೆಗೆ ಸೋಮವಾರ ರಜೆ, ತಿಂಗಳ ಎರಡನೇ ಮಂಗಳವಾರವೂ ರಜೆ. ಅದೂ ಇರಲಿಲ್ಲ. ಎಷ್ಟೋ ಜನ ಸೋಮವಾರ ಬಂದು ಬೀಗ ನೋಡಿ, ಮತ್ತೆ ಆ ಕಡೆ ತಲೆ ಹಾಕಿಲ್ಲ.

1965ರ ಕಾಯ್ದೆಯಿಂದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ ನಡೆಯುತ್ತಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ಕಂದಾಯದ ರಸೀದಿ ತೆಗೆದು ನೋಡಿ, ಕಾಣುತ್ತದೆ. ಅಂದಮೇಲೆ ಲೈಬ್ರರಿ ನಡೆಯುವುದು ನಮ್ಮ ದುಡ್ಡಿನಲ್ಲೇ. ನಮ್ಮ ಮನೆಯ ಬಾಗಿಲಿಗೆ ನಾವೇ ಹೆದರಿ ನಿಲ್ಲಬಾರದು ಅಲ್ವಾ?

ರೈಲು ನಿಲ್ದಾಣದ ಬೋರ್ಡ್ ನೋಡಿ. ಹಳದಿ ಹಲಗೆ, ಕಪ್ಪು ಅಕ್ಷರ. ದೇಶದ ಯಾವ ಮೂಲೆಗೆ ಹೋದರೂ ಓಡುವ ರೈಲಿನಿಂದಲೇ ಊರಿನ ಹೆಸರು ಓದಬಹುದು. ಅಂಚೆ ಡಬ್ಬಿಯ ಕೆಂಪು ಚಿಕ್ಕ ಮಗುವಿಗೂ ಗೊತ್ತು. ನಂದಿನಿ ಹಾಲಿನ ನೀಲಿ ಪ್ಯಾಕೆಟ್ಟನ್ನು ಅಕ್ಷರ ಬಾರದ ಅಜ್ಜಿಯೂ ಕೈತೋರಿಸಿ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಮೆಟ್ರೋ ಹತ್ತುವವರು ‘ನೇರಳೆ’, ‘ಹಸಿರು’ ಅಂತ ಬಣ್ಣದಲ್ಲೇ ದಾರಿ ಹೇಳುತ್ತಾರೆ. ಲೈಬ್ರರಿಗೆ ಮಾತ್ರ ಇಂಥ ಗುರುತೇ ಇಲ್ಲ. ಒಂದು ಊರಿನಲ್ಲಿ ನೀಲಿ ಬೋರ್ಡ್, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ಬೋರ್ಡೇ ಇಲ್ಲ.

ನನ್ನ ಮಗಳು ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಅವಳ ಹತ್ತಿರ ಈ ಮಾತು ತೆಗೆದೆ. ಅವಳು ಅಮೆರಿಕದ ಲೈಬ್ರರಿಗಳ ಗುರುತು ತೋರಿಸಿದಳು. ನೀಲಿ ಚೌಕದೊಳಗೆ ಬಿಳಿ ಬಣ್ಣದಲ್ಲಿ ಪುಸ್ತಕ ಹಿಡಿದು ಓದುತ್ತಿರುವ ಒಬ್ಬ ಮನುಷ್ಯ. 1982ರಲ್ಲಿ ಅಲ್ಲಿನ ಗ್ರಂಥಾಲಯ ಸಂಘ ಅದನ್ನು ಇಡೀ ದೇಶಕ್ಕೆ ಅಂತ ಒಪ್ಪಿಕೊಂಡಿತಂತೆ. ನ್ಯೂಯಾರ್ಕಿನ ಪಬ್ಲಿಕ್ ಲೈಬ್ರರಿಗೆ ಸಿಂಹದ ತಲೆಯೇ ಗುರುತು. ಆ ಕಟ್ಟಡದ ಮುಂದೆ ಎರಡು ಕಲ್ಲಿನ ಸಿಂಹ ಕೂತಿವೆ, ಅದಕ್ಕೆ. “ಅಪ್ಪಾ, ಅವರವರ ಬಾಗಿಲಲ್ಲಿ ಏನಿದೆಯೋ ಅದನ್ನೇ ತಗೊಂಡಿದ್ದಾರೆ. ನಮ್ಮ ಬಾಗಿಲಲ್ಲಿ ಏನಿದೆ ಹೇಳು” ಅಂದಳು.

ಅದನ್ನೇ ಬಹಳ ದಿನ ಯೋಚನೆ ಮಾಡಿದೆ. ಅವಳು ಒಂದು ಭಾನುವಾರ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ ರಾಜ್ಯ ಕೇಂದ್ರ ಗ್ರಂಥಾಲಯದ ಕಟ್ಟಡ ತೋರಿಸಿದಳು. ದಿವಾನ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಕಟ್ಟಿದ್ದು. ಮರಗಳ ಹಸಿರಿನ ನಡುವೆ ಆ ಕೆಂಪು ದೂರದಿಂದಲೇ ಕರೆಯುತ್ತದೆ. ನಿಂತು ನೋಡುತ್ತಿದ್ದಾಗ ನಮ್ಮಮ್ಮನ ನೆನಪು ಬಂತು. ಶುಕ್ರವಾರ ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಬಿಳಿ ರಂಗೋಲಿ ಎಳೆಯುತ್ತಿದ್ದರು. ಕೆಮ್ಮಣ್ಣಿನ ಮೇಲೆ ಬಿಳಿ. ನಮ್ಮ ಕಡೆ ಬಾಗಿಲಲ್ಲಿ ಅದು ಕಂಡರೆ ‘ಬನ್ನಿ’ ಅಂತಲೇ ಅರ್ಥ. ಇದಕ್ಕಿಂತ ಒಳ್ಳೆಯ ಬಣ್ಣ ಲೈಬ್ರರಿಗೆ ಎಲ್ಲಿ ಸಿಗುತ್ತದೆ? ಇನ್ನೂ ಒಂದು ಅನುಕೂಲ ಇದೆ. ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ನಾವು ಮೊದಲು ಹೊಡೆಯುವ ರೆಡ್ ಆಕ್ಸೈಡ್ ಹೆಚ್ಚುಕಡಿಮೆ ಇದೇ ಬಣ್ಣ. ಪ್ರತಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಮೇಲೆ ಬಳಿದ ಎನಾಮಲ್ ಬಣ್ಣ ಅಲ್ಲಲ್ಲಿ ಎದ್ದರೂ ಕೆಳಗಿನದು ಅದೇ ಬಣ್ಣ, ಕಲೆ ಕಾಣುವುದಿಲ್ಲ.

ಇನ್ನು ಗುರುತು. ನನ್ನ ಮನಸ್ಸಿಗೆ ಬಂದದ್ದು ಒಂದೇ ಅಕ್ಷರ: ಓ. ಓದು ಶುರುವಾಗುವುದೇ ಈ ಅಕ್ಷರದಿಂದ. ನಮ್ಮಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಏನನ್ನುತ್ತೇವೆ? “ಓ” ಅನ್ನುತ್ತೇವೆ. ಕರೆದರೆ ಓಗೊಡುವುದು ಅಂದರೆ ಅದೇ. ಲೈಬ್ರರಿಯ ಬಾಗಿಲಲ್ಲಿ ನಿಂತವರಿಗೆ ಒಳಗಿನಿಂದ ಯಾರೋ ಓ ಅಂದ ಹಾಗೆ. ಆ ತಾಯಿಗೆ ಅವತ್ತು ಬೇಕಾಗಿದ್ದುದು ಅದೇ.

ಬರೆಯುವವನ ಲೆಕ್ಕದಿಂದ ನೋಡಿದರೂ ಓ ಒಳ್ಳೆಯ ಅಕ್ಷರ. ಒತ್ತಿಲ್ಲ, ಸೊನ್ನೆಯಿಲ್ಲ, ಕೊಂಬಿಲ್ಲ. ಒ ಬರೆದು ತಲೆಯ ಮೇಲೆ ಒಂದು ಕೊಂಕು ತಿರುಗಿಸಿದರೆ ಆಯಿತು. ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಎರಡನೇ ಕ್ಲಾಸಿನ ಮಗುವೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತದೆ. ಬೋರ್ಡಿನ ಮೇಲೆ ಎರಡಡಿಯ ಬಿಳಿ ಓ, ಪಕ್ಕದಲ್ಲಿ ಲೈಬ್ರರಿಯ ಹೆಸರು, ಕೆಳಗೆ ತೆರೆಯುವ ಹೊತ್ತು. ಸದಸ್ಯರ ಕಾರ್ಡಿನ ಮೇಲೆ ಅದೇ ಓ, ಪುಸ್ತಕದ ಬೆನ್ನಿನ ಚೀಟಿಯಲ್ಲೂ ಪುಟ್ಟದಾಗಿ ಅದೇ ಓ.

ಹೆಸರು ಬರೆಯುವಾಗ ಒಂದು ಎಚ್ಚರ ಬೇಕು. ಇಂಗ್ಲಿಷ್ ದೊಡ್ಡಕ್ಷರ ಎರಡು ಗೆರೆಯ ನಡುವೆ ಕೂರುತ್ತದೆ. ಕನ್ನಡ ಕೂರುವುದಿಲ್ಲ. ಅದಕ್ಕೆ ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ನಾನು ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆಯುವಾಗ ಮೊದಲು ಅಳೆಯುವುದೇ ಒತ್ತಿನ ಜಾಗ. ಫ್ಲೆಕ್ಸ್ ಮಾಡುವವರು ಇಂಗ್ಲಿಷಿನ ಅಳತೆಗೆ ಕನ್ನಡವನ್ನು ತುರುಕುತ್ತಾರೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ಗ್ರಂಥಾಲಯ’ದ ‘ಥ’ ಇನ್ನೂ ಸೂಕ್ಷ್ಮ. ಅದರ ಹೊಟ್ಟೆಯಲ್ಲೊಂದು ಚುಕ್ಕಿ ಇದೆ. ಅಕ್ಷರ ತೀರಾ ದಪ್ಪ ಮಾಡಿದರೆ ಚುಕ್ಕಿ ಮುಚ್ಚಿಹೋಗುತ್ತದೆ. ಅದಕ್ಕೇ ಎಷ್ಟೋ ಕಡೆ ಜನ ‘ಗ್ರಂಧಾಲಯ’ ಅಂತಲೇ ಓದುತ್ತಾರೆ, ಹಾಗೇ ಬರೆಯುತ್ತಾರೆ ಕೂಡ. ಆ ಒಂದು ಅಕ್ಷರಕ್ಕೆ ನಾನು ಬ್ರಶ್ ಬದಲಾಯಿಸುತ್ತೇನೆ.

ಒಳಗಿನ ಬರಹಕ್ಕೂ ಇಷ್ಟೇ ಗಮನ ಬೇಕು. ನಮ್ಮ ಲೈಬ್ರರಿಯ ಒಂದು ಬೀರುವಿನ ಮೇಲೆ 894.814 ಅಂತ ಬರೆದಿದೆ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯದ ಸಂಖ್ಯೆ. ಲೈಬ್ರೇರಿಯನ್‌ಗೆ ಅದು ಬೇಕೇ ಬೇಕು. ಆದರೆ ಕಾದಂಬರಿ ಹುಡುಕಿಕೊಂಡು ಬಂದವರಿಗೆ ಅದು ಹೇಗೆ ಗೊತ್ತಾಗಬೇಕು? ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ಇದನ್ನು ನನಗೆ ಹೇಳಿದ್ದು ನಮ್ಮ ಈಗಿನ ಲೈಬ್ರೇರಿಯನ್. ಅವರ ಒಪ್ಪಿಗೆ ಪಡೆದು ಕಳೆದ ಬೇಸಿಗೆಯಲ್ಲಿ ಆ ಸಂಖ್ಯೆಯ ಪಕ್ಕದಲ್ಲೇ ಒಂದು ತಗಡಿನ ಮೇಲೆ ‘ಕನ್ನಡ ಕಥೆ, ಕಾದಂಬರಿ, ಕವಿತೆ’ ಅಂತ ಬರೆದು ನೇತುಹಾಕಿದೆ. ಮಕ್ಕಳ ಪುಸ್ತಕದ ಕಪಾಟಿಗೆ ಇನ್ನೊಂದು ಬರೆದೆ. ಅದನ್ನು ಎತ್ತರದಲ್ಲಿ ಹಾಕಲಿಲ್ಲ. ನೆಲದಿಂದ ಮೂರಡಿಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಹಾಕಿದೆ. ‘ಇವು ನಿಮ್ಮವು. ತೆಗೆದು ನೋಡಿ’ ಅಂತ ಬರೆದೆ. ಅವತ್ತು ಗೇಟಿನಲ್ಲಿ ನಿಂತಿದ್ದ ಮಗು ಈಗ ಆ ಕಪಾಟಿನ ಮುಂದೆ ನೆಲದಲ್ಲೇ ಕೂತು ಓದುತ್ತದೆ.

ಎಲ್ಲವೂ ಕೆಟ್ಟಿದೆ ಅಂತ ಹೇಳುತ್ತಿಲ್ಲ. ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ‘ಅರಿವು ಕೇಂದ್ರ’ ಅಂತ ಹೆಸರಿಟ್ಟಿದ್ದು ನನಗೆ ತುಂಬಾ ಹಿಡಿಸಿತು. ‘ಅರಿವು’ ಅಚ್ಚ ಕನ್ನಡದ ಮಾತು. ಹಲವು ಕಡೆ ಗೋಡೆಗೆ ಚಂದದ ಚಿತ್ರ ಬರೆಸಿದ್ದಾರೆ. ನಾನೇ ಎರಡು ಪಂಚಾಯಿತಿಯಲ್ಲಿ ಬರೆದಿದ್ದೇನೆ. ದನ ಮೇಯಿಸುವ ಹುಡುಗರು ಬಂದು “ಆ ಹಕ್ಕಿ ಕೊಕ್ಕು ಸರಿಯಿಲ್ಲ” ಅಂತ ತಿದ್ದಿಸಿದರು. ಸರಿಯಾಗಿಯೇ ಹೇಳಿದ್ದರು. ಊರಿನ ಚಿತ್ರ ಊರಿನದೇ ಇರಲಿ. ಒಂದು ಊರಿಗೆ ಹಕ್ಕಿ, ಒಂದು ಊರಿಗೆ ತೆಂಗಿನ ಮರ. ಬೋರ್ಡಿನ ಬಣ್ಣ, ಗುರುತು, ಅಕ್ಷರದ ಅಳತೆ ಮಾತ್ರ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಇರಬೇಕು.

ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ಗ್ರಂಥಾಲಯ ಇಲಾಖೆಯವರೂ ಪಂಚಾಯತ್ ರಾಜ್ ಇಲಾಖೆಯವರೂ ಕೂತು ಒಂದು ಹಾಳೆಯಲ್ಲಿ ಮಾದರಿ ಬರೆಸಲಿ. ಕನ್ನಡ ಅಕ್ಷರ ಬಲ್ಲ ಕಲಾವಿದರಿಂದಲೇ ಬರೆಸಲಿ. ಓ ಅಕ್ಷರವೇ ಆಗಬೇಕು ಅಂತ ನನ್ನ ಹಟವಿಲ್ಲ, ಅದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷ. ಆ ಹಾಳೆಯನ್ನು ಎಲ್ಲ ಊರಿಗೂ ಕಳಿಸಲಿ. ಆಯಾ ಊರಿನ ಬೋರ್ಡ್ ಬರೆಯುವವರು ಬರೆಯುತ್ತಾರೆ. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ತಗಡಿನ ಮೇಲೆ ಬಣ್ಣದಲ್ಲಿ ಬರೆದದ್ದು ಹತ್ತು ವರ್ಷ ಬಾಳುತ್ತದೆ. ನಾನು 2009ರಲ್ಲಿ ಶಾಲೆಗೆ ಬರೆದ ಬೋರ್ಡ್ ಇವತ್ತಿಗೂ ಓದಲು ಬರುತ್ತದೆ. ಬೋರ್ಡಿನ ಮೇಲೆ ಯಾರ ಫೋಟೋವೂ ಬೇಡ. ದೊಡ್ಡವರು ಬೇಸರ ಮಾಡಿಕೊಳ್ಳಬಾರದು. ಆ ಜಾಗದಲ್ಲಿ ತೆರೆಯುವ ಹೊತ್ತು ಬರೆಯಬಹುದು.

ನಮ್ಮ ಊರಿನ ಲೈಬ್ರರಿಯ ಬೋರ್ಡನ್ನು ನಾನು ಕೂಲಿ ತೆಗೆದುಕೊಳ್ಳದೆ ಬರೆದುಕೊಡುತ್ತೇನೆ. ಬಣ್ಣವೂ ನನ್ನದೇ. ಸಪ್ತಾಹಕ್ಕೆ ಮುಂಚೆ ಅನುಮತಿ ಕೊಟ್ಟರೆ ಸಾಕು. ಭಾನುವಾರ ರಾತ್ರಿ ಲೈಬ್ರರಿ ಮುಚ್ಚಿದ ಮೇಲೆ ಹಳೆಯದನ್ನು ಇಳಿಸಿ, ಸೋಮವಾರ ರಜೆಯ ದಿನ ಬರೆಯುತ್ತೇನೆ. ಎನಾಮಲ್ ಒಣಗಲು ಒಂದು ರಾತ್ರಿ ಬೇಕು. ಮಂಗಳವಾರ ಬೆಳಿಗ್ಗೆ ಬರುವ ಮಕ್ಕಳ ಕೈಗೆ ಬಣ್ಣ ಹತ್ತಬಾರದು.

ಇತಿ,
ಒಬ್ಬ ಬೋರ್ಡ್ ಬರಹಗಾರ
ಹಾಸನ ಜಿಲ್ಲೆ