ಬೆಲೆಯ ಕಾಲಮ್ಮಿನಲ್ಲಿ ಎರಡು ಸೇರು ಜೋಳ

ಬಾಗಲಕೋಟೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ನವನಗರದಲ್ಲಿರುವ ಒಬ್ಬ ಬೋರ್ಡ್ ಪೇಂಟರ್. ಫ್ಲೆಕ್ಸ್ ಬರುವ ಮುಂಚೆ ಈ ಭಾಗದ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಟ್ರೇಲರಿನ ಬೆನ್ನು, ಚುನಾವಣೆಯ ಗೋಡೆ ಎಲ್ಲದರ ಮೇಲೂ ನನ್ನ ಅಕ್ಷರ ಇದ್ದವು. ನಿಮ್ಮ ಪಕ್ಷದ ಚಿಹ್ನೆ ಬರೆದಿದ್ದೇನೆ, ನಿಮ್ಮ ಎದುರಾಳಿಗಳದ್ದೂ ಬರೆದಿದ್ದೇನೆ. ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಬಾಕಿ ಇದೆ. ಈ ಪತ್ರ ಆ ಬಾಕಿಗಾಗಿ ಅಲ್ಲ.

ಈಗ ಹೊಟ್ಟೆಪಾಡಿಗೆ ಶಾಲೆಯ ಗೋಡೆ, ಗುಡಿಯ ಗೋಪುರ, ನಂಬರ್ ಪ್ಲೇಟ್. ತಿಂಗಳ ಕೊನೆಯ ರವಿವಾರ ಮಾತ್ರ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ, ನಾನು ಬರೆದ ಚಿತ್ರ ಹರವಿಕೊಂಡು ಕೂಡುತ್ತೇನೆ. ಅವತ್ತು ರೊಕ್ಕ ಮುಟ್ಟುವುದಿಲ್ಲ. ಚಿತ್ರ ಬೇಕಾದವರು ತಮ್ಮ ಹತ್ತಿರ ಇದ್ದದ್ದು ಕೊಟ್ಟು ಒಯ್ಯಬೇಕು. ಒಬ್ಬರು ಜೋಳ ತಂದರು. ಕಟಿಂಗ್ ಅಂಗಡಿಯವ ತನ್ನ ಮಗಳ ಚಿತ್ರ ಬರೆಸಿಕೊಂಡು ಅಲ್ಲೇ ಗಿಡದ ಕೆಳಗೆ ನನ್ನ ತಲೆ ಕತ್ತರಿಸಿದ, ಅಂದರೆ ಕೂದಲು. ಒಬ್ಬ ಮುದುಕರು ಗೀಗೀ ಪದ ಹಾಡಿ ಗೋಳಗುಮ್ಮಟ ಒಯ್ದರು. ಪದ ಮುಗಿಯುವಷ್ಟರಲ್ಲಿ ಜನ ಕೂಡಿ ದಾರಿ ಕಟ್ಟಿಹೋಗಿತ್ತು.

ಮಳೆಗಾಲಕ್ಕೆ ಗಿಡದ ನೆರಳು ಸಾಲುವುದಿಲ್ಲ. ಅದಕ್ಕೆ ಒಂದು ಸಾರ್ವಜನಿಕ ಸಭಾಭವನದ ವರಾಂಡ ಕೇಳಲು ಹೋದೆ. ಯಾವುದು ಅಂತ ಹೆಸರು ಬೇಡ, ಅಲ್ಲಿಯ ಗುಮಾಸ್ತರ ಮೇಲೆ ನನಗೆ ಸಿಟ್ಟೂ ಇಲ್ಲ. ಕೊಟ್ಟ ಅರ್ಜಿಯಲ್ಲಿ ‘ಪ್ರತಿ ಕಲಾಕೃತಿಯ ಬೆಲೆ, ರೂಪಾಯಿಗಳಲ್ಲಿ’ ಅಂತ ಒಂದು ಕಾಲಮ್ ಇತ್ತು. ನಾನು ‘ಎರಡು ಸೇರು ಬಿಳಿಜೋಳ, ಅಥವಾ ಅವರ ಖುಷಿ’ ಅಂತ ತುಂಬಿದೆ. ಗುಮಾಸ್ತರು ಚಾಳೀಸು ಏರಿಸಿ ಓದಿದರು.

“ಏನ್ರೀ ಪೇಂಟರ್, ಇದು ಚಿತ್ರದ ಪ್ರದರ್ಶನಾನೋ, ಜ್ವಾಳದ ಅಡತಿ ಅಂಗಡಿನೋ?”

“ರೊಕ್ಕ ತಗೊಳ್ಳಂಗಿಲ್ರೀ.”

“ಹಂಗಾರ ಪುಕ್ಕಟೆ ಅಂತ ಬರೀರಿ.”

“ಪುಕ್ಕಟೆ ಅಲ್ರೀ.”

“ರೊಕ್ಕಾನೂ ಅಲ್ಲ, ಪುಕ್ಕಟೇನೂ ಅಲ್ಲ. ಮತ್ತೇನದು?”

ನಾನು ಬಾಯಿ ತೆರೆಯುವುದರೊಳಗೆ ಜೋಳ ಹೊಡೆದುಹಾಕಿ ಸೊನ್ನೆ ಬರೆದರು. ಸೊನ್ನೆ ಬಿದ್ದ ಕೂಡಲೇ ಮುಂದಿನ ಪ್ರಶ್ನೆ: ಪ್ರಾಯೋಜಕರು ಯಾರು? ಪುಕ್ಕಟೆ ಕೊಡುತ್ತಾರೆ ಅಂದರೆ ಹಿಂದೆ ಯಾರದೋ ಫೋಟೋ ಇರಲೇಬೇಕು ಅನ್ನುವುದು ಅವರ ಇಷ್ಟು ವರ್ಷದ ಅನುಭವ. ತಪ್ಪು ಅನ್ನುವ ಧೈರ್ಯ ನನಗಿಲ್ಲ. ಫೋಟೋ ಇಲ್ಲ ಅಂದೆ. ಹಾಗಾದರೆ ಠೇವಣಿ ಕಟ್ಟಿ ಅಂದರು. ಅರ್ಜಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದೆ.

ಪುಕ್ಕಟೆ ಯಾಕಲ್ಲ ಅಂತ ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಮೊದಲನೇ ರವಿವಾರ ನಾನು ಪುಕ್ಕಟೆಯೇ ಹಂಚಿದ್ದೆ. ಮಧ್ಯಾಹ್ನಕ್ಕೆ ಜಮಖಾನೆ ಖಾಲಿ. ಹಿಗ್ಗಿ ಮನೆಗೆ ಹೊರಟವನು ದಾರಿಯಲ್ಲಿ ಮಿರ್ಚಿ ಭಜಿ ಗಾಡಿಯ ಹತ್ತಿರ ನಿಂತೆ. ಒಬ್ಬ ಹುಡುಗ ನನ್ನ ಬಾದಾಮಿಯ ಅಗಸ್ತ್ಯತೀರ್ಥದ ಮೇಲೆ ಎರಡು ಮಿರ್ಚಿ ಇಟ್ಟುಕೊಂಡು ತಿನ್ನುತ್ತಿದ್ದ. ಹೊಂಡಕ್ಕೆ ಎಣ್ಣೆ ಇಳಿದಿತ್ತು. ನಾನು ಬೈಯಲಿಲ್ಲ, ಹಾಳೆ ಗಟ್ಟಿ ಇತ್ತು, ಎಣ್ಣೆ ಕೈಗೆ ಹತ್ತುತ್ತಿರಲಿಲ್ಲ. ಮರುತಿಂಗಳಿಂದ ಏನಾದರೂ ಕೊಟ್ಟೇ ಒಯ್ಯಬೇಕು ಅಂತ ಮಾಡಿದೆ. ಆಮೇಲೆ ಜನ ಚಿತ್ರವನ್ನು ಎರಡೂ ಕೈಯಿಂದ ಹಿಡಿದುಕೊಂಡು ಹೋಗತೊಡಗಿದರು.

ಇದರಲ್ಲಿ ಕಾಯ್ದೆಯ ತೊಡಕಿದೆ ಅಂತ ಯಾರಾದರೂ ನಿಮಗೆ ಹೇಳಬಹುದು. ನನಗೂ ಒಬ್ಬರು ಜಿಎಸ್‌ಟಿ ಹೆಸರು ಹೇಳಿ ಹೆದರಿಸಿದರು. ಲೆಕ್ಕಪತ್ರ ಬಲ್ಲ ಗೆಳೆಯನ ಹತ್ತಿರ ಓದಿಸಿದೆ. 2017ರ ಆ ಕಾಯ್ದೆಯ 7ನೇ ಕಲಮಿನಲ್ಲಿ ಮಾರಾಟದ ಪಕ್ಕದಲ್ಲೇ ವಸ್ತು ವಿನಿಮಯದ ಮಾತೂ ಇದೆ. ದಿಲ್ಲಿಯ ಕಾಯ್ದೆಗೆ ಗೊತ್ತಿರುವ ಶಬ್ದ ನಮ್ಮೂರ ಅರ್ಜಿಗೆ ಗೊತ್ತಿಲ್ಲ, ಅಷ್ಟೇ. ಇನ್ನು ನೋಂದಣಿ. ನನಗೆ ಬಂದ ಜೋಳ, ಶೇಂಗಾ, ಸಂಡಿಗೆ ಎಲ್ಲ ಕೂಡಿಸಿ ವರ್ಷಕ್ಕೆ 20 ಲಕ್ಷ ದಾಟಿಸಬೇಕಾದರೆ ನಾನು ಏಳು ಜನ್ಮ ಎತ್ತಿ ಬರಬೇಕು.

ಇದು ನಾನು ಹುಟ್ಟಿಸಿದ ಹುಚ್ಚೂ ಅಲ್ಲ. ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದದ್ದು ನಿಮಗೂ ನೆನಪಿರಬೇಕು. ಬಾಗಿಲಲ್ಲಿ ನಿಂತು ಏಳು ತಲೆಯ ಹಿರಿಯರ ಹೆಸರು ಒಂದರ ಹಿಂದೆ ಒಂದು ಹೇಳುತ್ತಿದ್ದರು. ನಮ್ಮಪ್ಪನಿಗೆ ತನ್ನ ಮುತ್ತಜ್ಜನ ಹೆಸರು ಗೊತ್ತಾದದ್ದೇ ಅವರಿಂದ. ಅವ್ವ ಮೊರದಲ್ಲಿ ಕಾಳು ತಂದು ಸುರಿಯುತ್ತಿದ್ದಳು. ಶ್ರೀಕೃಷ್ಣ ಪಾರಿಜಾತ ಬೆಳತನಕ ನಡೆಯುತ್ತಿತ್ತು, ಟಿಕೆಟ್ ಇರಲಿಲ್ಲ, ಊರವರು ಮನೆಮನೆಯಿಂದ ರೊಟ್ಟಿ ಕೂಡಿಸಿ ಆಟದವರಿಗೆ ಉಣ್ಣಿಸುತ್ತಿದ್ದರು. ಹಾಗಂತ ಹಳೆಯ ಕಾಲವೇ ಚಂದ ಅಂತ ನಾನು ಹೇಳುವುದಿಲ್ಲ. ಬಡಿಗೇರ, ಕುಂಬಾರ, ಕಮ್ಮಾರರಿಗೆ ಕಣದಲ್ಲಿ ಸಿಗುತ್ತಿದ್ದ ಆಯ, ಅಂದರೆ ಕಾಳಿನ ಪಾಲು, ಕೊಡುವವನ ಮರ್ಜಿಯ ಮೇಲಿತ್ತು. ಕೈ ಒಡ್ಡಿ ನಿಲ್ಲುವವ ಯಾವ ಜಾತಿ ಅನ್ನುವುದು ಮೊದಲೇ ಗೊತ್ತಾಗಿರುತ್ತಿತ್ತು. ನನ್ನ ಜಮಖಾನೆಯ ಮೇಲೆ ಇಬ್ಬರೂ ಕೂತು ಮಾತಾಡಿ ಕೊಟ್ಟು ತಗೊಳ್ಳುತ್ತೇವೆ. ಒಪ್ಪಿಗೆಯಾಗದಿದ್ದರೆ ಚಾ ಕುಡಿದು ಏಳುತ್ತೇವೆ.

ಗುಳೇದಗುಡ್ಡದ ಒಬ್ಬ ನೇಕಾರರು ಬಂದಾಗ ಆದ ಮಾತು ನೆನಪಿದೆ. ಅವರು ನನ್ನ ಚಿತ್ರ ನೋಡಿ ಎಷ್ಟಕ್ಕೆ ಕೊಡುತ್ತೀ ಅನ್ನಲಿಲ್ಲ. “ಎಷ್ಟು ತಾಸು ಹಿಡೀತು?” ಅಂದರು. ಐದು ತಾಸು ಅಂದೆ. ಅವರು ಚೀಲದಿಂದ ತೇರಿನ ಚಿತ್ತಾರದ ಒಂದು ಖಣ ತೆಗೆದು ತೊಡೆಯ ಮೇಲೆ ಹರವಿ, ಅಂಚಿನ ಮೇಲೆ ಬೆರಳಾಡಿಸುತ್ತ ಲೆಕ್ಕ ಹಾಕಿದರು. ಮಗ್ಗದ ಮೇಲೆ ಕೂತ ಹೊತ್ತು ಇಷ್ಟು, ಹೆಂಡತಿ ಕಂಡಿಕೆ ಸುತ್ತಿದ ಹೊತ್ತು ಇಷ್ಟು. ಆಕೆಯ ಹೊತ್ತನ್ನೂ ಅವರು ಎಣಿಸಿದ್ದು ನನಗೆ ಹಿಡಿಸಿತು. ಆಮೇಲೆ, “ನಿನ್ನದ ಇನ್ನೂ ಸ್ವಲ್ಪ ಕಡಿಮಿ ಬೀಳತೈತಿ, ಮೂಲಿಯೊಳಗ ನನ್ನ ಮಗ್ಗ ಒಂದ ಬರದಕೊಡು” ಅಂದರು. ಬರೆದುಕೊಟ್ಟೆ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ತಾವು ಕೂತದ್ದು ಬಂದಿಲ್ಲ ಅಂತ ಅದನ್ನೂ ತಿದ್ದಿಸಿದರು.

ಈಗ ನಾನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ಅಜ್ಜಿಯ ಕಡೆ ಬರುತ್ತೇನೆ.

ಹಳೇ ಬಾಗಲಕೋಟೆಯಲ್ಲಿ ಆಕೆಯ ಮನೆ ಇತ್ತು. ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ನವನಗರದಲ್ಲಿ ಪ್ಲಾಟು ಸಿಕ್ಕಿತು, ಮಗ ಮನೆ ಕಟ್ಟಿದ. ಆ ದಿನ ಗಿಡದ ಕೆಳಗೆ ಬಂದವಳು ಚಿತ್ರಗಳನ್ನೆಲ್ಲ ನೋಡಿ, “ಇಲ್ಲದ ಮನಿ ಬರೀತೀ ಏನು ತಮ್ಮಾ?” ಅಂತ ಕೇಳಿದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಗುರೆಳ್ಳ ಹಿಂಡಿ, ಅಂದರೆ ಚಟ್ನಿಪುಡಿ. ಫೋಟೋ ಇದೆಯೇ ಅಂದೆ. ಇಲ್ಲ. ಇದ್ದದ್ದು ಪರಿಹಾರದ ಕಾಗದ. ಮಗನಿಂದ ತರಿಸಿದಳು. ಗೋಡೆ ಇಷ್ಟು ಉದ್ದ, ಇಷ್ಟು ಅಗಲ, ಮಾಳಿಗೆ ಮಣ್ಣಿನದು, ಬಾಗಿಲು ಎಷ್ಟು, ಕಿಡಕಿ ಎಷ್ಟು, ತೊಲೆ ಎಷ್ಟು, ಒಟ್ಟು ಬೆಲೆ ಎಷ್ಟು. ಅಳತೆಯಲ್ಲಿ ಒಂದು ತಪ್ಪೂ ಇರಲಿಲ್ಲ ಅನ್ನಿಸುತ್ತದೆ. ಅದನ್ನು ಇಟ್ಟುಕೊಂಡು ಬರೆದೆ. ಆಕೆ ನೋಡಿ, “ಇದು ಮನಿ ಹೌದು, ನಮ್ಮದಲ್ಲ” ಅಂದಳು.

“ಬಾಗಲಕ್ಕ ಬಲಕ ಒಂದ ಮಾಡ ಇತ್ತು, ದೀಪ ಇಡೂದು. ಅದೆಲ್ಲೈತಿ?”

ಮಾಡ ಕಾಗದದಲ್ಲಿ ಇರಲಿಲ್ಲ. ಇರಲಿಕ್ಕೂ ಇಲ್ಲ, ಗೋಡೆಯಲ್ಲಿ ಇಲ್ಲದ ಮಣ್ಣಿಗೆ ಯಾರು ದರ ಹಾಕುತ್ತಾರೆ? ಬರೆದೆ. ಕೆಳಗಾಯಿತು ಅಂದಳು. ಎಷ್ಟು ಎತ್ತರ ಅಂದರೆ ಎದ್ದು ನಿಂತು ಕೈ ಎತ್ತಿ ತೋರಿಸಿದಳು, ದಿನಾ ಸಂಜೆ ದೀಪ ಇಟ್ಟ ಕೈ. ಅಲ್ಲಿಗೆ ಬರೆದೆ. ಮತ್ತೆ ಕೆಳಗಾಯಿತು ಅಂದಳು. ಆಗ ಹೊಳೆಯಿತು: ಈಗ ಆಕೆಯ ಬೆನ್ನು ಬಾಗಿದೆ. ಲಗ್ನವಾಗಿ ಬಂದಾಗಿನ ಎತ್ತರ ಬೇರೆ. ಒಂದು ಗೇಣು ಮೇಲೆ ಬರೆದು, ಮಾಡದ ಮೇಲಿನ ಗೋಡೆಗೆ ದೀಪದ ಮಸಿ ಹಚ್ಚಿದೆ. ಆಕೆ ಏನೂ ಅನ್ನಲಿಲ್ಲ. ಮುಂದಕ್ಕೆ ಬಾಗಿ ಆ ಮಸಿಯನ್ನು ಬೆರಳಿನಿಂದ ಒರೆಸಲು ನೋಡಿದಳು, ಬಣ್ಣ ಇನ್ನೂ ಹಸಿ ಇತ್ತು, ಸ್ವಲ್ಪ ಅಳಿಸಿತು. ಅದನ್ನು ನಾನು ತಿದ್ದಲಿಲ್ಲ. ಡಬ್ಬಿ ಜಮಖಾನೆಯ ಮೇಲಿಟ್ಟು, ಚಿತ್ರ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಸಚಿವರೇ, ಆ ಚಿತ್ರಕ್ಕೆ ಅರ್ಜಿಯಲ್ಲಿ ಏನು ಬೆಲೆ ತುಂಬಲಿ?

ಆಲಮಟ್ಟಿಯಲ್ಲಿ ಈಗ 519.60 ಮೀಟರಿನವರೆಗೆ ನೀರು ನಿಲ್ಲುತ್ತದೆ. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಹೆಚ್ಚುಕಡಿಮೆ ಐದು ಮೀಟರ್. ಆ ಐದು ಮೀಟರಿನೊಳಗೆ ಎಷ್ಟೋ ಹೊಲ, ಎಷ್ಟೋ ಹೊಸ್ತಿಲು. ಎಕರೆಗೆ ಎಷ್ಟು ಅನ್ನುವುದೇ ನದಿದಂಡೆಯ ಪ್ರತಿ ಕಟ್ಟೆಯ ಮೇಲಿನ ಮಾತು, ಮತ್ತು ಅದು ಸರಿಯಾದ ಮಾತು, ರೈತನಿಗೆ ಒಂದು ಪೈಸೆಯೂ ಕಡಿಮೆಯಾಗಬಾರದು. ನಾನು ಕೇಳುವುದು ಬೇರೆ. ಅಳತೆಗೆ ಸರ್ವೇಯವರು ಊರಿಗೆ ಹೋದಾಗ ನಮ್ಮಂಥ ನಾಲ್ಕು ಜನ ಪೇಂಟರ್‌ಗಳೂ ಹೋಗಲು ಬಿಡಿ. ಅವರು ಟೇಪು ಹಿಡಿಯಲಿ, ನಾವು ಅಂಗಳದಲ್ಲಿ ಕೂತು ಮನೆ ಬರೆಯುತ್ತೇವೆ. ಒಂದು ಮನೆಗೆ ಒಂದು ಊಟ, ರೊಟ್ಟಿ ಪಲ್ಯ ಸಾಕು. ಚಿತ್ರ ಮನೆಯವರಿಗೆ. ಇನ್ನೊಂದು ಪ್ರತಿ ಅವರು ಒಪ್ಪಿದರೆ ಊರಿನ ಶಾಲೆಗೆ. ಅಜ್ಜಿಯ ಮನೆ ಬರೆದದ್ದು ಮುಳುಗಿದ ಮೇಲೆ, ಅದಕ್ಕೇ ಮೂರು ಸಲ ಮಾಡ ತಪ್ಪಿತು. ಇದ್ದಾಗಲೇ ಬರೆದರೆ ತಪ್ಪುವುದಿಲ್ಲ. ಪ್ರಯಾಣಭತ್ಯೆ ಬೇಡ, ಸರ್ವೇ ಜೀಪಿನ ಹಿಂದಿನ ಸೀಟು ಸಾಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಈ ಪತ್ರ ಹಣಕಾಸಿನವರ ಕೈಗೆ ಸಿಕ್ಕರೆ ಅನಾಹುತ. ಕಲಾವಿದರು ರೊಕ್ಕವಿಲ್ಲದೆ ಖುಷಿಯಾಗಿದ್ದಾರೆ ಅಂತ ಓದಿಕೊಂಡು ಹಿರಿಯರ ಮಾಸಾಶನಕ್ಕೆ ಕತ್ತರಿ ಹಾಕಬೇಡಿ. ಬಣ್ಣದ ಅಂಗಡಿಯವ ಜೋಳ ತಗೊಳ್ಳುವುದಿಲ್ಲ, ನಾನು ಕೇಳಿ ನೋಡಿದ್ದೇನೆ. ರೊಕ್ಕವಲ್ಲದ್ದನ್ನು ಕಲಾವಿದನಿಗೆ ಕೊಡುವುದು ಸರ್ಕಾರಕ್ಕೂ ಹೊಸದಲ್ಲ. ಎಂಟನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯ ಗುಡಿ ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನಿಗೆ ಪೆರ್ಜೆರೆಪು ಎಂಬ ಪಟ್ಟ ಕಟ್ಟಿ, ತ್ರಿಭುವನಾಚಾರಿ ಅಂತ ಬಿರುದು ಕೊಟ್ಟರು. ಆ ಗುಡಿಯೇ ಈಗಿನ ವಿರೂಪಾಕ್ಷ ಗುಡಿ, ಈ ಮಾತು ಅಲ್ಲಿಯ ಶಾಸನದಲ್ಲಿದೆ. ರಾಣಿಯ ಹೆಸರಿನ ಜೊತೆಗೆ ಕಟ್ಟಿದವನ ಹೆಸರೂ ಅದೇ ಕಲ್ಲಿನಲ್ಲಿದೆ. ಈಗ ಶಾಲು ಹೊದಿಸುತ್ತಾರೆ. ನಮ್ಮ ಓಣಿಯ ಸಣ್ಣಾಟದ ಹಿರಿಯರೊಬ್ಬರ ಟ್ರಂಕಿನಲ್ಲಿ ಹನ್ನೊಂದು ಶಾಲು ಇವೆ, ಎಲ್ಲವೂ ಒಂದೇ ಬಣ್ಣ. “ಥಂಡಿ ಹೋಗತೈತಿ, ಹಸಿವಿ ಹೋಗಂಗಿಲ್ಲ” ಅನ್ನುತ್ತಾರೆ ಅವರು. ಬೆವರು ಸುರಿಸಿ ದುಡಿದ ಕೆಲಸಕ್ಕೆ ರೊಕ್ಕವೇ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ. ನಾನು ಹೇಳುತ್ತಿರುವುದು ತಿಂಗಳಲ್ಲಿ ಒಂದು ದಿನದ ಮಾತು, ಅದೂ ಕಲಾವಿದ ತಾನಾಗಿ ಕೂತಾಗ.

ಆ ಒಂದು ದಿನಕ್ಕೆ ಬೇಕಾದದ್ದು ಕಡಿಮೆ. ಸರ್ಕಾರಿ ಸಭಾಭವನಗಳ ವರಾಂಡ ಹೇಗೂ ಖಾಲಿ ಬಿದ್ದಿರುತ್ತವೆ. ಠೇವಣಿ ಇಲ್ಲದೆ ಒಂದು ರವಿವಾರ ಕೊಡಿಸಿ. ಅರ್ಜಿಯಲ್ಲಿ ಬೆಲೆಯ ಕಾಲಮ್ಮಿನ ಪಕ್ಕದಲ್ಲಿ ‘ಅಥವಾ ವಿನಿಮಯ’ ಅಂತ ಎರಡು ಶಬ್ದ ಸೇರಿಸಲು ಒಂದು ಆದೇಶ ಹೊರಡಿಸಿ. ಕುಡಿಯುವ ನೀರಿನ ನಲ್ಲಿ ಅವತ್ತು ಬಂದ್ ಮಾಡದಂತೆ ಹೇಳಿ. ಯಾರು ಏನು ಕೊಟ್ಟು ಏನು ಒಯ್ದರು ಅಂತ ಒಂದು ವಹಿಯಲ್ಲಿ ಬರೆದಿಡುತ್ತೇವೆ, ಯಾರು ಬಂದರೂ ತೋರಿಸುತ್ತೇವೆ. ನನ್ನ ವಹಿಯಲ್ಲಿ ‘ಒಂದು ಗೀಗೀ ಪದ, 20 ನಿಮಿಷ’ ಅಂತ ಈಗಾಗಲೇ ಇದೆ.

ಉದ್ಘಾಟನೆ ಇಟ್ಟುಕೊಳ್ಳುವುದಿಲ್ಲ. ನೀವು ಬರಬೇಡಿ ಅಂತಲೂ ಅಲ್ಲ, ಬಂದರೆ ಬರಿಗೈಯಲ್ಲಿ ಬರಬೇಡಿ. ಹಾಡು ಬರುತ್ತಿದ್ದರೆ ಹಾಡಿ. ಬರದಿದ್ದರೆ ನಿಮ್ಮ ಮೊದಲ ಚುನಾವಣೆಯ ಕಥೆ ಹೇಳಿ, ಅದರಲ್ಲೂ ಹೇಳಬಾರದ್ದನ್ನು. ನಿಮಗಾಗಿ ಘಟಪ್ರಭೆಯ ಒಂದು ಚಿತ್ರ ತೆಗೆದಿಟ್ಟಿದ್ದೇನೆ.

ಅಜ್ಜಿಯ ಡಬ್ಬಿ ಇನ್ನೂ ನನ್ನ ಮನೆಯಲ್ಲೇ ಇದೆ. ಹಿಂಡಿ ಮುಗಿದು ತಿಂಗಳಾಯಿತು. ನಮ್ಮ ಕಡೆ ಡಬ್ಬಿ ಖಾಲಿ ಕೊಡಬಾರದು, ನಿಮಗೆ ಗೊತ್ತೇ ಇದೆ. ಆಕೆಯ ಮನೆಯ ಹಿತ್ತಿಲಲ್ಲಿ ಒಂದು ನುಗ್ಗಿ ಗಿಡ ಇತ್ತಂತೆ, ಅದನ್ನು ಚಿಕ್ಕ ಹಾಳೆಯಲ್ಲಿ ಬರೆದು, ಸುರುಳಿ ಸುತ್ತಿ ಒಳಗೆ ಇಟ್ಟಿದ್ದೇನೆ. ಕೊನೆಯ ರವಿವಾರಕ್ಕೆ ಇನ್ನು ಹನ್ನೆರಡು ದಿನ, ಮೋಡ ಕಟ್ಟುತ್ತಿದೆ. ಎಲ್ಲಿ ಬಾ ಅಂತ ಆಕೆಗೆ ಹೇಳಿ ಕಳಿಸಲಿ?

ತಮ್ಮ ವಿಶ್ವಾಸಿ,
ಬೇವಿನ ಗಿಡದ ಕೆಳಗಿನ ಪೇಂಟರ್
ನವನಗರ, ಬಾಗಲಕೋಟೆ