ಕತ್ತರಿಸಿದ ಆ ಎರಡು ರೆಂಬೆಗಳು

ಪ್ರೀತಿಯ ಮಗಳಿಗೆ,

ಹೊಸ ಮನೆಯ ಹಿತ್ತಲಿಗೆ ಹಕ್ಕಿಗಳು ಬರುತ್ತಿವೆ, ಅವುಗಳಿಗೆ ಏನು ಇಡಲಿ, ಗೂಡುಪೆಟ್ಟಿಗೆಯನ್ನು ಎಲ್ಲಿ ತೂಗುಹಾಕಲಿ ಎಂದು ಕೇಳಿದ್ದೀಯೆ. ಮೊದಲ ಒಂದು ತಿಂಗಳು ಏನನ್ನೂ ಇಡಬೇಡ, ಸುಮ್ಮನೆ ನೋಡು ಎಂಬುದು ನನ್ನ ಉತ್ತರ. ನೀನು ಆ ಮನೆಗೆ ಬರುವ ಮೊದಲೇ ಆ ಹಕ್ಕಿಗಳಿಗೆ ಅಲ್ಲೊಂದು ದಿನಚರಿ ಇತ್ತು. ಅದನ್ನು ತಿಳಿಯದೆ ನಾವು ಮಾಡಹೊರಡುವ ಉಪಕಾರ ಎಷ್ಟೋ ವೇಳೆ ಅವುಗಳಿಗೆ ಅಪಕಾರವಾಗುತ್ತದೆ. ಈ ಮಾತನ್ನು ನಾನು ಅನುಭವದಿಂದಲೇ ಬರೆಯುತ್ತಿದ್ದೇನೆ.

ನಿನಗೆ ಏಳು ವರ್ಷವಾಗಿದ್ದಾಗ ಬೇಲಿಯ ಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿದ್ದು ನೆನಪಿರಬಹುದು. ಎಲೆಗಳ ಮರೆಯಿಂದಾಗಿ ಮರಿಗಳು ನಿನಗೆ ಕಾಣುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ನೀನು ನೋಡುವಂತಾಗಲಿ ಎಂದು, ಅಡ್ಡ ಬಂದಿದ್ದ ಎರಡು ರೆಂಬೆಗಳನ್ನು ನಾನು ಕತ್ತರಿಸಿದೆ. ಮೂರನೆಯ ದಿನ ಗೂಡು ಬರಿದಾಗಿತ್ತು. ಮರಿಗಳು ಹಾರಿಹೋದವು ಎಂದು ನಿನಗೆ ಹೇಳಿದೆ, ನೀನು ಚಪ್ಪಾಳೆ ತಟ್ಟಿದೆ. ಅವು ಹಾರುವ ವಯಸ್ಸಿನವಾಗಿರಲಿಲ್ಲ, ಮೈಮೇಲೆ ಗರಿಯೂ ಸರಿಯಾಗಿ ಮೂಡಿರಲಿಲ್ಲ. ನಮಗೆ ಕಾಣುವಂತೆ ತೆರೆದಿಟ್ಟ ಗೂಡು ಕಾಗೆಗೋ ಬೆಕ್ಕಿಗೋ ಅಷ್ಟೇ ಚೆನ್ನಾಗಿ ಕಂಡಿರಬೇಕು. ಇಷ್ಟು ವರ್ಷ ಇದನ್ನು ನಿನಗೆ ಹೇಳದೆ ಉಳಿಸಿಕೊಂಡಿದ್ದೆ.

ಆದ್ದರಿಂದ ಗೂಡೊಂದು ಕಣ್ಣಿಗೆ ಬಿದ್ದರೆ ದೂರದಿಂದಲೇ ನೋಡು. ಎಷ್ಟು ದೂರ ಎಂಬುದನ್ನು ಹಕ್ಕಿಯೇ ಹೇಳುತ್ತದೆ: ಕೊಕ್ಕಿನಲ್ಲಿ ಹುಳುವನ್ನು ಹಿಡಿದ ತಾಯಿಯೋ ತಂದೆಯೋ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತ ಕೂಗುತ್ತಿದ್ದರೆ ನೀನು ಹತ್ತಿರವಾದೆ ಎಂದೇ ಅರ್ಥ. ಅಂಥ ಹೊತ್ತಿನಲ್ಲಿ ಒಂದು ಒಳ್ಳೆಯ ಚಿತ್ರ ಸಿಗಲಿ ಎಂದು ಕಾಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲಿ ಅರ್ಧಪಾಲು ನನ್ನ ಮೇಲಿನದೇ ಆಗಿದ್ದರೂ.

ಸುಮ್ಮನೆ ನೋಡುವುದು ಕೈಲಾಗದವರ ಕೆಲಸವೆಂದು ತಿಳಿಯಬೇಡ. ಅಮೆರಿಕದ ಕೊಲಂಬಸ್ ನಗರದಲ್ಲಿ ಮಾರ್ಗರೆಟ್ ಮೋರ್ಸ್ ನೈಸ್ ಎಂಬ ಮಹಿಳೆ, ವಿಶ್ವವಿದ್ಯಾಲಯದ ಯಾವ ಹುದ್ದೆಯೂ ಇಲ್ಲದೆ, ಮಕ್ಕಳನ್ನು ಸಾಕುತ್ತಲೇ, ಮನೆಯ ಪಕ್ಕದ ಕುರುಚಲು ನೆಲದಲ್ಲಿದ್ದ ಸಾಂಗ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಗಳನ್ನು 1928ರಿಂದ 1936ರವರೆಗೆ ಗಮನಿಸಿದರು. ಕಾಲಿಗೆ ಬಣ್ಣದ ಉಂಗುರ ತೊಡಿಸಿ ಒಂದೊಂದು ಹಕ್ಕಿಯನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಒಂದು ಗಂಡು ಹಕ್ಕಿ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಹಾಡುತ್ತದೆಂದು ಒಂದು ಇಡೀ ದಿನ ಕುಳಿತು ಎಣಿಸಿದಾಗ ಲೆಕ್ಕ ಎರಡು ಸಾವಿರವನ್ನು ದಾಟಿತ್ತು. ಯಾವ ಗಂಡು ಯಾವ ಪೊದೆಯನ್ನು ತನ್ನದೆನ್ನುತ್ತದೆ, ಯಾವ ಜೋಡಿ ಮರುವರ್ಷವೂ ಕೂಡುತ್ತದೆ ಎಂಬುದೆಲ್ಲ ಇಂಥ ತಾಳ್ಮೆಯಿಂದಲೇ ತಿಳಿದದ್ದು.

ನಿನ್ನ ಹಿತ್ತಲಿಗೆ ಒಂದು ನೋಟುಪುಸ್ತಕ ಸಾಕು. ಹೆಸರು ತಿಳಿಯದ ಹಕ್ಕಿಗೆ ಅವಸರದಲ್ಲಿ ಹೆಸರು ಬರೆಯಬೇಡ. ಗಾತ್ರ ಗುಬ್ಬಚ್ಚಿಯಷ್ಟೋ ಕಾಗೆಯಷ್ಟೋ, ಕೊಕ್ಕು ಕಾಳು ಒಡೆಯುವಂತೆ ಮೊಂಡಾಗಿದೆಯೋ ಹುಳು ಹೆಕ್ಕುವಂತೆ ಸಪೂರವಾಗಿದೆಯೋ, ಬಾಲವನ್ನು ಕುಣಿಸುತ್ತದೆಯೋ, ನೆಲದ ಮೇಲೆ ನಡೆಯುತ್ತದೆಯೋ ಕುಪ್ಪಳಿಸುತ್ತದೆಯೋ ಎಂಬುದನ್ನು ಬರೆ. ಬಣ್ಣವನ್ನು ಕೊನೆಗೆ ಬರೆ, ಏಕೆಂದರೆ ಬೆಳಕು ಬಣ್ಣವನ್ನು ಬದಲಿಸುತ್ತದೆ. ದುರ್ಬೀನು ಕೊಳ್ಳುವುದಾದರೆ 8x42 ಎಂದು ಗುರುತಿರುವುದು ಒಳ್ಳೆಯದು. ಎಂಟು ಪಟ್ಟು ಹಿಗ್ಗಿಸುತ್ತದೆ, 42 ಮಿಲಿಮೀಟರ್ ಮಸೂರದಿಂದ ಮುಂಜಾವಿನ ಮಬ್ಬಿನಲ್ಲೂ ಸಾಕಷ್ಟು ಬೆಳಕು ಒಳಬರುತ್ತದೆ. ಹಕ್ಕಿಯ ಮೇಲಿಟ್ಟ ಕಣ್ಣನ್ನು ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರುವುದನ್ನು ರೂಢಿಸಿಕೋ.

ತಿಂಗಳು ಕಳೆದ ಮೇಲೆ ಮೊದಲು ಇಡಬೇಕಾದದ್ದು ನೀರು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಲ್ಲಿ ಅವು ಕೊಕ್ಕು ತೆರೆದು ಏದುತ್ತ ಮೈಯನ್ನು ತಣಿಸಿಕೊಳ್ಳುತ್ತವೆ, ಅದರಿಂದ ನೀರು ಬೇಗ ನಷ್ಟವಾಗುತ್ತದೆ. ಅಗಲವಾದ, ಅಂಚಿನಲ್ಲಿ ಎರಡು ಮೂರು ಸೆಂಟಿಮೀಟರಿಗಿಂತ ಆಳವಿಲ್ಲದ, ಕಾಲು ಜಾರದ ಮಣ್ಣಿನ ತಟ್ಟೆಯನ್ನು ಇಡು. ಪಾರಾಗಲು ಪೊದೆಯೊಂದು ಸನಿಹದಲ್ಲಿರಲಿ, ಆದರೆ ಬೆಕ್ಕು ಅವಿತು ಕುಳಿತು ಒಂದೇ ನೆಗೆತಕ್ಕೆ ಹಾರುವಷ್ಟು ಸನಿಹ ಬೇಡ. ನೀರನ್ನು ದಿನವೂ ಬದಲಿಸಿ ತಟ್ಟೆಯನ್ನು ಉಜ್ಜಿ ತೊಳೆ.

ಕಾಳಿನ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಹಲವು ಹಕ್ಕಿಗಳು ಒಂದೇ ತಟ್ಟೆಗೆ ಬಾಯಿ ಹಾಕುವಲ್ಲಿ ರೋಗವೂ ಸುಲಭವಾಗಿ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರ ನಂತರ ಟ್ರೈಕೊಮೊನೋಸಿಸ್ ಎಂಬ ಗಂಟಲಿನ ರೋಗವು ತೋಟಗಳಿಗೆ ಬರುವ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಹರಡಿ ಅವುಗಳ ಸಂಖ್ಯೆಯನ್ನು ತೀರ ಕುಗ್ಗಿಸಿತು. ಇಡುವುದಾದರೆ ಆ ಹೊತ್ತಿಗೆ ಮುಗಿಯುವಷ್ಟನ್ನೇ ಇಡು, ಮೈಯುಬ್ಬಿಸಿಕೊಂಡು ಮಂಕಾಗಿ ಕುಳಿತ ಹಕ್ಕಿ ಕಂಡರೆ ಕೆಲವು ವಾರ ನಿಲ್ಲಿಸಿಬಿಡು. ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಕಾಳು ತಿನ್ನುವ ಗುಬ್ಬಚ್ಚಿಯೂ ಮೊದಲ ದಿನಗಳಲ್ಲಿ ತನ್ನ ಮರಿಗೆ ಉಣಿಸುವುದು ಹುಳುಹುಪ್ಪಟೆಗಳನ್ನು. ಹಾಗಿರುವಾಗ ತಟ್ಟೆ ತುಂಬ ಕಾಳಿಟ್ಟು ಗಿಡಗಳಿಗೆ ಕೀಟನಾಶಕ ಹೊಡೆದರೆ ತಾಯಿಗೆ ಊಟವಿಟ್ಟು ಮರಿಯನ್ನು ಉಪವಾಸ ಕೆಡವಿದಂತೆ. ಎಲೆಗಳಲ್ಲಿ ತೂತು ಬೀಳಲಿ, ಮೂಲೆಯಲ್ಲಿ ತರಗು ಕೊಳೆಯಲಿ, ಒಂದಿಷ್ಟು ಹುಲ್ಲು ಬೀಜ ಕಟ್ಟುವವರೆಗೆ ನಿಲ್ಲಲಿ. ಹಿತ್ತಲು ಅಚ್ಚುಕಟ್ಟಾಗಿಲ್ಲ ಎಂದು ಯಾರಾದರೂ ಹೇಳಿದರೆ ಹೇಳಲಿ.

ನೆಲದ ಮೇಲೆ ಮರಿಯೊಂದು ಸಿಕ್ಕರೆ ಎತ್ತಿಕೊಂಡು ಒಳಗೆ ಓಡಬೇಡ. ಗರಿ ಮೂಡಿ, ಮೋಟು ಬಾಲದೊಡನೆ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಾಯಿತಂದೆ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತವೆ. ಬೆಕ್ಕಿನ ಭಯವಿದ್ದರೆ ಪಕ್ಕದ ಪೊದೆಯೊಳಗೆ ಸರಿಸಿ ದೂರ ಹೋಗು. ಗರಿಯೇ ಇಲ್ಲದ ಎಳೆಯ ಮರಿಯಾದರೆ, ಗೂಡು ಕೈಗೆಟಕುವಂತಿದ್ದರೆ, ಅದರಲ್ಲೇ ಮರಳಿ ಇಡು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಗಾಯವಾಗಿದ್ದರೆ ಮಾತ್ರ ಗಾಳಿಯಾಡುವ ಕತ್ತಲೆಯ ಡಬ್ಬಿಯಲ್ಲಿಟ್ಟು, ಬಾಯಿಗೆ ನೀರು ಹನಿಸದೆ, ಬಲ್ಲವರ ಬಳಿಗೆ ಒಯ್ಯಬೇಕು.

ನಿನ್ನ ದೊಡ್ಡ ಗಾಜಿನ ಕಿಟಕಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಪ್ರತಿಫಲಿಸುವ ಮರವನ್ನು ಹಕ್ಕಿ ನಿಜವಾದ ಮರವೆಂದೇ ತಿಳಿದು ಬಂದು ಅಪ್ಪಳಿಸುತ್ತದೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ. ಗಾಜಿನ ಹೊರಮೈ ಪೂರ್ತಿ ಐದು ಸೆಂಟಿಮೀಟರಿಗೊಂದರಂತೆ ಚುಕ್ಕಿಗಳನ್ನಿಡು.

ಬಯಲಿಗೆ ಹೋದಾಗ ಕಾಲಡಿಯ ಕಡೆಗೂ ಗಮನವಿರಲಿ. ಟಿಟ್ಟಿಭದಂಥ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದು. ತಲೆಯ ಮೇಲೆ ಸುತ್ತುತ್ತ ಅದು ಅರಚಿದರೆ, ಇಲ್ಲವೇ ರೆಕ್ಕೆ ಮುರಿದಂತೆ ನಟಿಸುತ್ತ ಮುಂದೆ ತೆವಳಿದರೆ, ಬಂದ ದಾರಿಯಲ್ಲೇ ಎಚ್ಚರದಿಂದ ಹಿಂದಿರುಗು. ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಕೇಳಿಸಬೇಡ. ಇಲ್ಲದ ಎದುರಾಳಿಯನ್ನು ಓಡಿಸಲು ಅದು ಹೊತ್ತು ಹಾಳುಮಾಡಿಕೊಳ್ಳುತ್ತದೆ.

ಇನ್ನು ಗೂಡುಪೆಟ್ಟಿಗೆ. ಗುಬ್ಬಚ್ಚಿಗಾದರೆ 32 ಮಿಲಿಮೀಟರ್ ಅಗಲದ ಗುಂಡು ಬಾಯಿ ಸಾಕು. ಬಾಯಿಯ ಕೆಳಗೆ ಕೂರುವ ಕಡ್ಡಿಯನ್ನು ಸಿಕ್ಕಿಸಬೇಡ, ಅದು ಮರಿ ಕದಿಯುವವರಿಗೇ ಹೆಚ್ಚು ಅನುಕೂಲ. ನಡುಹಗಲ ಬಿಸಿಲು ನೇರವಾಗಿ ಬೀಳದ ಗೋಡೆಯನ್ನು ಆರಿಸು. ಒಂದು ವರ್ಷ ಖಾಲಿ ಉಳಿದರೆ ಬೇಸರಪಡದೆ ಜಾಗ ಬದಲಿಸು. ಜೋಡಿಯೊಂದು ಒಳಹೊಕ್ಕಿತೆಂದರೆ ಮುಚ್ಚಳ ತೆರೆದು ಇಣುಕಬೇಡ, ಹೊರಗಿನಿಂದ ಚಿಲಿಪಿಲಿ ಆಲಿಸು. ಎಷ್ಟೋ ದಿನಗಳ ಮೇಲೆ ಒಂದು ಬೆಳಗ್ಗೆ ಅದು ನಿಂತಾಗ, ಮರಿಗಳು ಹಾರಿಹೋದವು ಎಂದು ನೀನು ನನಗೆ ಬರೆದರೆ, ನಾನು ನಂಬುತ್ತೇನೆ.

ಪ್ರೀತಿಯಿಂದ,
ಅಮ್ಮ