ಅಕ್ಷತಾಗೆ, ರಿಪೋರ್ಟ್ ನೋಡಿದ ಮೇಲೆ

ಚಿ. ಸೌ. ಅಕ್ಷತಾಗೆ ನಿನ್ನ ಅವ್ವನ ಆಶೀರ್ವಾದಗಳು.

ನೀನು ಕಳಿಸಿದ ರಕ್ತದ ರಿಪೋರ್ಟ್ ನೋಡಿದೆ. ಆರ್‌ಎ ಫ್ಯಾಕ್ಟರ್ ಪಾಸಿಟಿವ್, ಆ್ಯಂಟಿ ಸಿಸಿಪಿ ಪಾಸಿಟಿವ್, ಇಎಸ್‌ಆರ್ ಜಾಸ್ತಿ. ಕೀಲು ಹಿಡಿಯೋ ನನ್ನ ರುಮಟಾಯ್ಡ್ ಸಂಧಿವಾತವೇ ನಿನಗೂ ಬಂದಿರಬಹುದು ಅನ್ನೋ ಗುರುತುಗಳು ಇವು. ಇಷ್ಟು ಓದೋದಕ್ಕೆ ನನಗೆ ಡಾಕ್ಟರು ಬೇಕಾಗಿಲ್ಲ. ಕೂಡಲೇ ಫೋನ್ ಮಾಡಿ ‘ಯಾವ ಬೆರಳಿಂದ ಶುರುವಾಯಿತು’ ಎಂದು ಕೇಳಿದೆ. ಅದೇ ನಿನಗೆ ಸಿಟ್ಟು ತಂದಿತು. ‘ನಿನ್ನಂಗ ಬಾಳೇ ಮಾಡಾಕ ನನ್ನ ಕಡೆ ಆಗಂಗಿಲ್ಲವ್ವಾ’ ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ರಾತ್ರಿ ಒಂದು ಮೆಸೇಜ್ ಮಾತ್ರ ಬಂತು: ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗಂಡನಿಗೂ ಹೇಳಿಲ್ಲ, ನೀನೂ ಹೇಳಬೇಡ.

ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ನಡುವೆ ಕಟ್ ಮಾಡೋಕೆ ಆಗಲ್ಲ ಅಲ್ವಾ. ಅಕ್ಷರ ಸೊಟ್ಟ ಇವೆ, ಹೊಂದಿಸಿಕೊಂಡು ಓದು. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಒಂದೇ ದಿನ ಬರೆದದ್ದೂ ಅಲ್ಲ.

ನಿನ್ನ ಮಾತಿಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನನ್ನ ಹಾಗೆ ಬದುಕು ಅಂತ ನಿನಗೆ ಯಾರು ಹೇಳಿದರು? ನನ್ನದು ಬೇರೆ ಕಾಲ. 2006ರಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ನೀನು ಮೂರನೇ ಇಯತ್ತೆ. ಬೆಟಗೇರಿಯ ನಮ್ಮ ಓಣಿಯಲ್ಲಿ ನೆಟ್ಟಗೆ ನಡೆಯೋರೇ ಇರಲಿಲ್ಲ. ಮಗ್ಗದ ಕುಣಿಗೆ ಇಳಿದವರು ಮೇಲೆ ಬರೋದಕ್ಕೆ ಇನ್ನೊಬ್ಬರ ಕೈ ಹಿಡಿಯುತ್ತಿದ್ದರು. ನನಗೂ ಜ್ವರ ಬಂತು, ಕೀಲು ಹಿಡಿದವು. ಉಳಿದವರದು ತಿಂಗಳಲ್ಲೋ ವರ್ಷದಲ್ಲೋ ಬಿಟ್ಟಿತು. ನನ್ನದು ಬಿಡಲಿಲ್ಲ. ಎಲ್ಲರೂ ಅದೇ ಜ್ವರದ ಉಳಿಕೆ ಅಂದರು. ದವಾಖಾನೆಯಲ್ಲೂ ಅದನ್ನೇ ಅಂದು ನೋವಿನ ಗುಳಿಗೆ ಕೊಟ್ಟರು, ಒಮ್ಮೊಮ್ಮೆ ಸೂಜಿ ಮಾಡಿದರು. ನಾನು ಲಕ್ಕಿ ಎಲೆ ಹಾಕಿ ಕುದಿಸಿದ ನೀರು ಹೊಯ್ದುಕೊಂಡೆ. ಎಣ್ಣೆ ತಿಕ್ಕಿದೆ. ಯಾರೋ ವಾಯು ಅಂದರೆಂದು ಬದನೆಕಾಯಿ ಬಿಟ್ಟೆ. ಬದನೆಕಾಯಿ ಬಿಟ್ಟು ನಮ್ಮ ಕಡೆ ಊಟ ಮಾಡೋದು ಹೇಗೆ, ನೀನೇ ಹೇಳು. ಹುಬ್ಬಳ್ಳಿಯ ಕೀಲಿನ ಡಾಕ್ಟರು ನೋಡಿ ಇದು ರುಮಟಾಯ್ಡ್ ಸಂಧಿವಾತ ಅನ್ನೋ ಹೊತ್ತಿಗೆ ಎರಡು ವರ್ಷ ದಾಟಿತ್ತು. ಬಲಗೈ ಮಣಿಕಟ್ಟು ಆಗಲೇ ಹಾಳಾಗಿತ್ತು. ಬೆರಳುಗಳು ಕಿರುಬೆರಳಿನ ಕಡೆ ವಾಲಿದ್ದವು. ಬದನೆಕಾಯಿ ತಿನ್ನಮ್ಮ ಅಂತಲೂ ಅವರೇ ಹೇಳಿದರು.

ನಿನ್ನದು ಹಾಗಲ್ಲ. ನಿನಗೆ ಬೆರಳು ಹಿಡಿಯೋಕೆ ಶುರುವಾಗಿ ಆರು ತಿಂಗಳೂ ಆಗಿಲ್ಲ. ಕೀಲು ಹಾಳಾಗೋ ಮೊದಲೇ ಸರಿಯಾದ ಔಷಧಿ ಬಿದ್ದರೆ ಬೆರಳು ಸೊಟ್ಟಾಗೋದನ್ನು ಬಹಳ ಮಟ್ಟಿಗೆ ತಡೆಯಬಹುದು. ನನ್ನ ಕೈ ನೋಡಿ ನಿನ್ನ ಕೈಯನ್ನು ಲೆಕ್ಕ ಹಾಕಬೇಡ. ಇನ್ನೊಂದು, ಬರೀ ರಿಪೋರ್ಟಿನಲ್ಲಿ ಪಾಸಿಟಿವ್ ಬಂದರೆ ಮುಗಿಯಿತು ಅಂತಲ್ಲ. ಏನೂ ರೋಗ ಇಲ್ಲದವರಿಗೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರೋದುಂಟು. ಕೀಲಿನ ಡಾಕ್ಟರು ಕೈ ಮುಟ್ಟಿ ನೋಡಿಯೇ ಹೇಳಬೇಕು. ಇದನ್ನು ಬರೆಯುವಾಗ ನನಗೇ ಒಳಗೆ ಒಂದು ಆಸೆ ಹುಟ್ಟುತ್ತದೆ. ಆದರೆ ಬೆಳಿಗ್ಗೆ ಚಿನ್ನುವಿನ ಹಾಲಿನ ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲ್ಲ ಅಂದೆಯಲ್ಲ, ಆ ಮಾತು ನೆನಪಾಗಿ ಆಸೆ ಅಲ್ಲಿಗೇ ನಿಲ್ಲುತ್ತದೆ.

ಗುಳಿಗೆ ವಿಚಾರ ಹೇಳಿಬಿಡುತ್ತೇನೆ. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದರೆ ಅದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ತಿಳಿಯದೆ ದಿನಾ ತಿಂದು ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೋ, ಕ್ಯಾಲೆಂಡರಿನಲ್ಲಿ ಗುರುತು ಹಾಕು. ನನ್ನದು ಶನಿವಾರ ರಾತ್ರಿ. ಮರುದಿನ ಓಕರಿಕೆ, ಸುಸ್ತು ಇರುತ್ತದೆ, ನಿನಗೂ ಬ್ಯಾಂಕಿಗೆ ರಜೆ ಇರೋ ದಿನ ನೋಡಿಕೋ. ಅದರ ಜೊತೆ ಫೋಲಿಕ್ ಆಸಿಡ್ ಕೊಡುತ್ತಾರೆ, ಹೇಳಿದ ದಿನ ತಪ್ಪಿಸಬೇಡ. ಲಿವರ್ ಮತ್ತು ರಕ್ತದ ಟೆಸ್ಟ್ ಆಗಾಗ ಮಾಡಿಸಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟರೆ ಕಣ್ಣೂ ತೋರಿಸಬೇಕು. ಎರಡು ವಾರ ತಿಂದು ಏನೂ ಆಗಲಿಲ್ಲ ಅಂತ ಬಿಟ್ಟುಬಿಡಬೇಡ, ಇವು ನಿಧಾನಕ್ಕೆ ಹತ್ತುತ್ತವೆ, ಎರಡು ಮೂರು ತಿಂಗಳೂ ಬೇಕಾಗಬಹುದು. ಸ್ಟಿರಾಯ್ಡ್ ಬೇಗ ಹಿಡಿಸುತ್ತದೆ, ಅದಕ್ಕೇ ಜನ ಅದನ್ನೇ ಅಂಗಡಿಯಲ್ಲಿ ಕೇಳಿ ತರುತ್ತಾರೆ. ಹಾಗೆ ಮಾಡಬೇಡ, ಎಲುಬು ಟೊಳ್ಳಾಗುತ್ತವೆ, ಶುಗರ್ ಏರುತ್ತದೆ. ನೋವಿನ ಗುಳಿಗೆಯನ್ನೂ ನಿನ್ನ ಮನಸ್ಸಿಗೆ ಬಂದಂತೆ ನುಂಗಬೇಡ, ಕಿಡ್ನಿ ಇರೋದು ಎರಡೇ.

ಉಪದೇಶ ಶುರುವಾಯಿತು ಅಂತ ನೀನು ಮುಖ ಸಿಂಡರಿಸೋದು ಇಲ್ಲಿಗೇ ಕಾಣುತ್ತದೆ. ಇರಲಿ, ಓದು.

ಎರಡನೇ ಮಗುವಿನ ವಿಚಾರ ನಿಮ್ಮಿಬ್ಬರಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಆದರೆ ಮೆಥೊಟ್ರೆಕ್ಸೇಟ್ ನಡೆಯುವಾಗ ಬಸಿರಾಗಬಾರದು. ಮಗುವಿಗೆ ತೊಂದರೆ. ಮೊದಲೇ ಡಾಕ್ಟರಿಗೆ ಹೇಳಿ ನಿಲ್ಲಿಸಿ, ಬೇರೆ ಔಷಧಿಗೆ ಬದಲಾಯಿಸಿಕೊಳ್ಳಬೇಕು. ಈಗ ಹೇಳು, ಇದನ್ನು ಗಂಡನಿಗೆ ಗೊತ್ತಿಲ್ಲದಂತೆ ಹೇಗೆ ನಡೆಸುತ್ತೀ?

ನನ್ನಿಂದ ನಿನಗೆ ಬಂತಾ ಅನ್ನೋದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಿನ್ನ ಲಗ್ನಕ್ಕೆ ಮೊದಲೇ ನಾನು ಡಾಕ್ಟರನ್ನು ಕೇಳಿದ್ದೆ. ಮನೆತನದಲ್ಲಿ ಇದ್ದರೆ ಬರೋ ಸಂಭವ ಸ್ವಲ್ಪ ಜಾಸ್ತಿ, ಆದರೆ ತಾಯಿಗೆ ಬಂದರೆ ಮಗಳಿಗೆ ಬಂದೇ ಬರುತ್ತದೆ ಅಂತ ಇಲ್ಲ, ಬಹಳಷ್ಟು ಮಕ್ಕಳಿಗೆ ಬರೋದಿಲ್ಲ ಅಂದರು. ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಅಂತಲೂ ಅಂದರು. ನಾನು ಬಹಳಷ್ಟು ಮಕ್ಕಳಿಗೆ ಬರೋದಿಲ್ಲ ಅನ್ನೋದನ್ನಷ್ಟೇ ಕಿವಿಗೆ ಹಾಕಿಕೊಂಡು ಮನೆಗೆ ಬಂದೆ. ನಿನ್ನ ಅಪ್ಪನಿಗೆ ನಿನ್ನೆ ಹೇಳಿದೆ. ಪ್ರೆಸ್ಸಿನಲ್ಲಿ ಅಷ್ಟು ವರ್ಷ ಅಚ್ಚು ಹಾಕಿದ ಮನುಷ್ಯ, ರಿಪೋರ್ಟನ್ನು ಪ್ರೂಫ್ ನೋಡಿದ ಹಾಗೆ ಎರಡೆರಡು ಸಲ ನೋಡಿ, ‘ಹೆಸರು ಸರಿ ಐತೇನು, ಬ್ಯಾರೇದವರದು ಬಂದಿರಬೇಕು’ ಅಂದರು. ಹೆಸರು ಸರಿ ಇತ್ತು.

ಈಗ ನಿನ್ನ ಆಯಿ, ನನ್ನ ಅತ್ತೆಯ ವಿಚಾರ. ನೀನು ನನ್ನ ಬಾಳೇವು ಅಂದಾಗ ನನಗೆ ನೆನಪಾದದ್ದು ನೀರು ಹೊತ್ತದ್ದಲ್ಲ. ಹತ್ತು ದಿನಕ್ಕೊಮ್ಮೆ ನಳ ಬಂದಾಗ ಕೊಡ ಎತ್ತೋಕಾಗದೆ ಚರಿಗೆಯಿಂದ ತುಂಬಿದ್ದು ನಿನಗೂ ಗೊತ್ತು, ಬಿಡು. ನೆನಪಾದದ್ದು ರೊಟ್ಟಿ.

ಆಯಿ ಬಚ್ಚಲಲ್ಲಿ ಜಾರಿ ಟೊಂಕದ ಎಲುಬು ಮುರಿದುಕೊಂಡಾಗ ನೀನು ಧಾರವಾಡದಲ್ಲಿ ಪಿಯುಸಿ, ಹಾಸ್ಟೆಲ್ಲಿನಲ್ಲಿದ್ದೆ. ರೊಟ್ಟಿ ಬಡಿಯೋದಕ್ಕೆ ಬೇಕಾದದ್ದೇ ಮಣಿಕಟ್ಟು, ಬೆರಳ ಬುಡ. ಈ ರೋಗ ಹಿಡಿಯೋದೂ ಅವನ್ನೇ. ಅವರನ್ನು ಎಬ್ಬಿಸಿ ಕೂರಿಸಿ, ಬಟ್ಟೆ ಬದಲಿಸಿ ಬಂದ ಮೇಲೆ ನನ್ನ ಕೈಯಲ್ಲಿ ಹಿಟ್ಟು ನಾದೋ ಶಕ್ತಿ ಇರುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದರು, ಅಲ್ಲಿಂದ ತರಿಸಲು ಶುರು ಮಾಡಿದೆ. ಆಯಿ ತಿನ್ನಲಿಲ್ಲ. ಬೈಯಲೂ ಇಲ್ಲ. ತಾಟಿನ ಅಂಚಿಗೆ ಸರಿಸಿ ಅನ್ನ ಉಂಡರು. ನಮ್ಮ ಕಡೆಯ ಹಳಬರಿಗೆ ಅನ್ನ ಅಂದರೆ ಜಡ್ಡಿನ ಊಟ. ದಿನಾ ಅನ್ನ ಉಂಡು, ನಾನಿನ್ನು ಹೋಗೋಳು ಅನ್ನೋ ಮುಖ ಮಾಡಿಕೊಂಡು ಮಲಗುತ್ತಿದ್ದರು.

ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ ಅಂತು. ಅವರಿಗಷ್ಟೇ ಎರಡು ರೊಟ್ಟಿ ಬಡಿಯೋಣ ಅಂತ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತೆ. ಬಲಗೈ ಬಗ್ಗದಿದ್ದರೆ ಎಡಗೈಯಲ್ಲಿ ಬಡಿದೆ. ಸ್ವಲ್ಪ ದಿನ ನಡೆಯಿತು. ಒಂದು ಸಂಜೆ ಪಡಸಾಲೆಯ ಹೊರಸಿನ ಮೇಲಿಂದಲೇ ಕೇಳಿದರು: ‘ಯಾಕ, ಬಲಗೈ ಎಲ್ಲಿ ಹೋತು?’

ಬಡಿಯೋ ಸಪ್ಪಳದಲ್ಲೇ ಗೊತ್ತಾಗಿತ್ತು ಅವರಿಗೆ. ಆರು ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದ ಕಿವಿ.

‘ಹೋತ್ರಿ ಅತ್ತಿ. ಆಗಂಗಿಲ್ಲ ಇನ್ನ’ ಅಂದೆ. ಅವರಿಗೆ ನನ್ನ ರೋಗದ ಹೆಸರು ಗೊತ್ತಿತ್ತು. ಗುಳಿಗೆ ನುಂಗೋದು ಗೊತ್ತಿತ್ತು. ಹುಬ್ಬಳ್ಳಿಗೆ ಹೋಗಿ ಬರೋದು ಗೊತ್ತಿತ್ತು. ಕೈ ಆಗೋದಿಲ್ಲ ಅನ್ನೋ ಮಾತನ್ನು ಮಾತ್ರ ನಾನು ಅವರ ಮುಂದೆ ಆಡಿರಲಿಲ್ಲ.

ಮರುದಿನ ‘ಪರಾತ ಇಲ್ಲಿ ತಾ’ ಅಂದರು. ಬೆನ್ನಿಗೆ ಎರಡು ದಿಂಬು, ತೊಡೆಯ ಮೇಲೆ ಒಂದು ಹಲಗೆ. ಎಸರು ಹಾಕಿ ಚಮಚದಲ್ಲಿ ಹಿಟ್ಟು ಕಲಸಿ ನಾನು ಕೊಟ್ಟೆ. ಅವರು ನಾದಿ ಬಡಿದರು. ಕಾಲು ಹೋಗಿದ್ದವು, ಕೈ ಇನ್ನೂ ಗಟ್ಟಿ ಇದ್ದವು ಅವರಿಗೆ. ಬಡಿದ ರೊಟ್ಟಿಯನ್ನು ಅಡುಗೆ ಮನೆಗೆ ಒಯ್ಯೋದರಲ್ಲಿ ಬಾಗಿಲಲ್ಲೇ ಹರಿಯುತ್ತಿತ್ತು. ಕೊನೆಗೆ ನಿನ್ನ ಅಪ್ಪ ಒಲೆಯನ್ನೇ ಹೊರಸಿನ ಪಕ್ಕಕ್ಕೆ ತಂದಿಟ್ಟರು. ನೀನು ದೀಪಾವಳಿಗೆ ಗೆಳತಿಯನ್ನು ಕರೆದುಕೊಂಡು ಬಂದು, ಪಡಸಾಲೆಯಲ್ಲಿ ಗ್ಯಾಸ್ ಒಲೆ ನೋಡಿ ನಾಚಿಕೆಪಟ್ಟು ನನ್ನನ್ನು ಒಳಗೆ ಕರೆದು ಬೈದೆ. ಆ ಒಲೆ ಯಾಕೆ ಅಲ್ಲಿತ್ತು ಅಂತ ಈಗ ತಿಳಿಯಿತಲ್ಲ.

ಅತ್ತೆ ಸೊಸೆಗೆ ಪ್ರೀತಿ ಉಕ್ಕಿತು ಅಂತ ತಿಳಿಯಬೇಡ. ನಾನು ಬೇಯಿಸಿದ್ದಕ್ಕೆ ದಿನಾ ಒಂದು ಕೊಂಕು ಇರುತ್ತಿತ್ತು. ಇದು ಹಸಿ, ಅದು ಸುಟ್ಟೀ, ನೀರು ಸವರೋದು ಯಾರು ಕಲಿಸಿದರು. ನೋಡೋಕೆ ಬಂದ ಬೀಗರ ಮುಂದೆಲ್ಲ ‘ಈ ಮನ್ಯಾಗ ಇನ್ನೂ ನಾನ ರೊಟ್ಟಿ ಬಡಿತೀನಿ’ ಅಂತ ಹೇಳಿಕೊಂಡರು. ಅವರನ್ನು ಹೊರಳಿಸಿ ಮಲಗಿಸೋದು, ಬೆನ್ನಿಗೆ ಹುಣ್ಣಾಗದಂತೆ ನೋಡೋದು ಎಲ್ಲ ನಾನೇ. ಅದರ ಸುದ್ದಿ ಯಾರಿಗೂ ಹೋಗಲಿಲ್ಲ. ನನಗೆ ಅದರ ಹೊಟ್ಟೆಕಿಚ್ಚು ಇನ್ನೂ ಇದೆ, ಸತ್ತವರ ಮೇಲೆ ಇಟ್ಟುಕೊಳ್ಳಬಾರದು ಅಂತ ಗೊತ್ತಿದ್ದರೂ. ಆದರೆ ತಾಟಿನಲ್ಲಿ ರೊಟ್ಟಿ ಉಳಿಯೋದು ನಿಂತಿತು. ಕೈ ತಣ್ಣಗೆ ಇಟ್ಟುಕೊಂಡು ನಾನೂ ಸಂಜೆ ಅರ್ಧ ಗಂಟೆ ಕೂತೆ.

ನಿಮ್ಮ ಮನೆಯಲ್ಲೂ ಈಗ ಅದೇ ಇದೆ. ನಿಮ್ಮ ಮಾವನವರಿಗೆ ಲಕ್ವಾ ಹೊಡೆದ ಮೇಲೆ ಅವರನ್ನು ಎತ್ತೋದು ನೀನು ಮತ್ತು ಬೀಗತಿಯವರು. ಬೆಳಿಗ್ಗೆ ಎದ್ದ ಕೂಡಲೇ ಅದೇ ಮೊದಲ ಕೆಲಸ, ನಿನ್ನ ಕೈ ಪೂರ್ತಿ ಬಿಗಿದಿರೋ ಹೊತ್ತು. ಬೀಗತಿಯವರ ಮೊಣಕಾಲು ನೋವು ಸವೆತದ್ದು. ಅದು ನಡೆದಷ್ಟೂ ಜಾಸ್ತಿ, ಕೂತರೆ ಕಡಿಮೆ. ನಿನ್ನದು ಉಲ್ಟಾ. ಮೈ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಕೀಲಿನ ಒಳಪೊರೆಯ ಮೇಲೆ ಬೀಳೋ ರೋಗ ಇದು. ರಾತ್ರಿ ಸುಮ್ನೆ ಮಲಗಿದ್ದಾಗ ಬಿಗಿಯುತ್ತದೆ, ಬೆಳಿಗ್ಗೆ ಗಂಟೆಯಾದರೂ ಬಿಡೋದಿಲ್ಲ, ಆಡಿಸುತ್ತ ಹೋದಂತೆ ಸಡಿಲವಾಗುತ್ತದೆ. ಅದಕ್ಕೇ ಮಧ್ಯಾಹ್ನ ನೋಡಿದವರಿಗೆ ನಾವು ಬೆಳಿಗ್ಗೆ ನಾಟಕ ಮಾಡಿದಂತೆ ಕಾಣುತ್ತದೆ. ಇದನ್ನು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಬೆಳಗಿನ ಕೆಲಸ ಅಳಿಯಂದಿರು ಮಾಡಲಿ, ಸಂಜೆಯದು ನೀನು ಮಾಡು. ಮಾವನವರನ್ನು ಹೊರಳಿಸುವಾಗ ಬೆರಳಿಂದ ಹಿಡಿದು ಎತ್ತಬೇಡ. ಮೈ ಕೆಳಗೆ ದಪ್ಪ ಬಟ್ಟೆ ಹಾಸಿ, ಇಬ್ಬರೂ ಎರಡು ಕಡೆ ನಿಂತು ಬಟ್ಟೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆಯಿರಿ. ಭಾರ ಮೊಣಕೈಗೆ ಬರಬೇಕು. ಚಿನ್ನುವನ್ನೂ ಅಂಗೈಯಲ್ಲಿ ಎತ್ತಬೇಡ, ತೋಳಿನಲ್ಲಿ ಎತ್ತು.

ಬೀಗತಿಯವರು ಏನನ್ನುತ್ತಾರೋ ಅನ್ನೋ ಹೆದರಿಕೆ ನನಗೂ ಇದೆ. ತಾಯಿದು ಗೊತ್ತಿದ್ದೂ ಮಗಳನ್ನು ಕೊಟ್ಟರು ಅಂತ ಅನ್ನಬಹುದು. ಅಂದರೆ ಆ ಮಾತು ನನಗೆ ಬರಲಿ, ನಾನಿದ್ದೇನೆ. ಲಗ್ನದ ಮಾತುಕತೆಯಲ್ಲಿ ನನ್ನ ಕೈ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ತಾಂಬೂಲ ಕೊಟ್ಟದ್ದು ಇದೇ ಸೊಟ್ಟ ಕೈಯಲ್ಲೇ.

ನೀನು ನೌಕರಿ ಬಿಡೋ ವಿಚಾರ ಬೇರೆ ಮಾಡಿದ್ದೀ ಅಂತ ಕಾಣುತ್ತದೆ, ಮಾತಿನ ನಡುವೆ ಬಂತು. ಬಿಡಬೇಡ. ನಮ್ಮ ಮನೆಯಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಕೂತವಳು ನೀನೊಬ್ಬಳೇ. ನಾನು ಅದನ್ನು ಓಣಿ ತುಂಬ ಹೇಳಿಕೊಂಡಿದ್ದೇನೆ, ಆಯಿಗಿಂತ ಜಾಸ್ತಿಯೇ.

ಶುಕ್ರವಾರ ಕೀಲಿನ ಡಾಕ್ಟರ ಹತ್ತಿರ ಹೋಗೋದಿದೆಯಲ್ಲ, ನಾನು ಬರುತ್ತೇನೆ. ಬೇಡ ಅನ್ನಬೇಡ. ಬೆಳಗಿನ ರೈಲಿಗೆ ಹತ್ತುತ್ತೇನೆ, ಗದಗದಿಂದ 60 ಕಿಲೋಮೀಟರ್ ಏನು ದೂರ. ಸ್ಟೇಷನ್ನಿಗೆ ಯಾರಾದರೂ ಬರಲಿ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿಗೇ ದೊಡ್ಡದು ಅಂತ ಎಲ್ಲರಿಗೂ ಹೆಮ್ಮೆ. ಪಾದ ಊದಿದವರನ್ನು ಕೇಳಿ ಕಟ್ಟಿದ್ದರೆ ಇಷ್ಟು ಉದ್ದ ಆಗುತ್ತಿರಲಿಲ್ಲ. ನಿನ್ನ ರಿಪೋರ್ಟುಗಳನ್ನೆಲ್ಲ ಒಂದು ಫೈಲಿಗೆ ಹಾಕಿಡು. ಬೆಳಿಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆ, ಯಾವ ಯಾವ ಕೀಲು ಊದುತ್ತವೆ, ಒಂದು ಹಾಳೆಯಲ್ಲಿ ಬರೆದುಕೋ, ಡಾಕ್ಟರ ಮುಂದೆ ಕೂತಾಗ ಮರೆತುಹೋಗುತ್ತದೆ. ಊದಿದ ದಿನ ಬೆರಳಿನ ಫೋಟೊ ತೆಗೆದಿಡು.

ಗುರುವಾರ ರಾತ್ರಿಯೊಳಗೆ ಅಳಿಯಂದಿರಿಗೆ ನೀನೇ ಹೇಳು. ಹೇಳದಿದ್ದರೆ ಶುಕ್ರವಾರ ಸ್ಟೇಷನ್ನಿಗೆ ಅವರೇ ಕರೆಯೋಕೆ ಬರುತ್ತಾರೆ, ಗಾಡಿಯಲ್ಲಿ ಕೂತು ನಾನೇ ಹೇಳುತ್ತೇನೆ. ಸಿಟ್ಟು ಮಾಡಿಕೊಳ್ಳೋದಾದರೆ ಮಾಡಿಕೋ. ಫೋನ್ ಮಾತ್ರ ಎತ್ತು.

ನಿನ್ನ ಅವ್ವ
ಬೆಟಗೇರಿ